ಗುಮ್ಮೆನ್ನದ ಪೆಟ್ಟಿಗೆ

ಹಾಡು ಬರುತ್ತಿತ್ತು, ಗುಮ್ಮು ಬರುತ್ತಿರಲಿಲ್ಲ. ಮುಂದಿನ ಬಾಗಿಲುಗಳ ಸ್ಪೀಕರಿನಲ್ಲಿ ಹಾಡುವವನ ಗಂಟಲು ಚೊಕ್ಕವಾಗಿ ಕೇಳುತ್ತಿತ್ತು, ತಮಟೆಯ ಮೇಲೆ ಕಡ್ಡಿ ಬೀಳುವ ಚಟಚಟವೂ ಕೇಳುತ್ತಿತ್ತು. ಎದೆಗೆ ಬಡಿದು ಹೊಟ್ಟೆಗಿಳಿಯಬೇಕಾದ ಆ ಗುಂ ಅನ್ನುವುದೊಂದೇ ನಾಪತ್ತೆ. ಭಾನುವಾರ ಬೆಳಿಗ್ಗೆ ಮುಳ್ಳೂರಿನ ಮಾವನ ಮನೆಯ ಅಂಗಳದಲ್ಲಿ, ಕಾರಿನ ಡಿಕ್ಕಿಯೊಳಗೆ ಸೊಂಟದವರೆಗೂ ತೂರಿಕೊಂಡು, ಶಾಂತಮೂರ್ತಿ ಆ ಕರಿಯ ವೂಫರ್ ಪೆಟ್ಟಿಗೆಯ ಬಾಯಿಗೆ ಅಂಗೈ ಒತ್ತಿ ನೋಡಿದ. ಅದು ಅಲುಗಲಿಲ್ಲ. ಕಿವಿಯಿಟ್ಟು ನೋಡಿದ. ತನ್ನ ಕಿವಿಯೊಳಗಿನ ರಕ್ತದ ಸದ್ದೇ ಕೇಳಿಸಿತು. ಪಕ್ಕದಲ್ಲಿ ಬೋಲ್ಟು ಹಾಕಿ ಕೂರಿಸಿದ್ದ ಆಂಪ್ಲಿಫೈಯರಿನ ಮೂಲೆಯಲ್ಲಿ ಒಂದು ಹಸಿರು ದೀಪ ಉರಿಯಬೇಕಿತ್ತು; ಶುಕ್ರವಾರ ಸಂಜೆಯಿಂದ ಅದೂ ಕಣ್ಣು ಮುಚ್ಚಿಕೊಂಡಿದೆ. ಇಂಥ ಹೊತ್ತಿನಲ್ಲಿ ಏನೇನು ನೋಡಬೇಕು ಅಂತ ಮೊಬೈಲಿನಲ್ಲಿ ಹಿಂದಿಯವನೊಬ್ಬ ಹೇಳಿದ್ದ. ಹಿಂದಿ ಅರ್ಧ ಅರ್ಥವಾಗಿದ್ದರಿಂದ ಶಾಂತಮೂರ್ತಿ ಅರ್ಧದಷ್ಟನ್ನು ಮಾಡಿ ಮುಗಿಸಿದ್ದ. ಸೆಟ್ಟಿನ ಗುಂಡಿ ಒತ್ತಿ ಒತ್ತಿ ಸಬ್ ಅನ್ನುವುದನ್ನು ಆನ್ ಮಾಡಿದ್ದಾಯಿತು, ವೈರುಗಳನ್ನು ಕಿತ್ತು, ಊದಿ, ಮತ್ತೆ ಚುಚ್ಚಿದ್ದಾಯಿತು. ಊದುವುದನ್ನು ಹಿಂದಿಯವನು ಹೇಳಿರಲಿಲ್ಲ, ಅದು ಶಾಂತಮೂರ್ತಿಯ ಸ್ವಂತದ್ದು.

ಮಧ್ಯಾಹ್ನದ ಮೇಲೆ ಹನೂರಿನಿಂದ ಷಡ್ಡಕ ಮಾದೇವಸ್ವಾಮಿ ಬರುವವನಿದ್ದ. ಹೆಂಡತಿಯ ಅಕ್ಕ ರತ್ನಳ ಗಂಡ. ಎತ್ತರದ ಆಳು, ಗಂಟಲೂ ಹಾಗೇ. ಆತ ಬಂದು ಪಡಸಾಲೆಯಲ್ಲಿ ಕೂತರೆ ಮಾವ ಗುರುಮಲ್ಲಪ್ಪನವರು ತಾವೇ ಎದ್ದು ಫ್ಯಾನು ಹಾಕುತ್ತಾರೆ. ಶಾಂತಮೂರ್ತಿ ಕೂತಿದ್ದಾಗ ಫ್ಯಾನು ಇದೆಯೆನ್ನುವುದೇ ಯಾರಿಗೂ ನೆನಪಿರುವುದಿಲ್ಲ. ಹೋದ ವಾರ ಫೋನಿನಲ್ಲಿ ಶಾಂತಮೂರ್ತಿ ಯಾವತ್ತೂ ಇಲ್ಲದ ಧೈರ್ಯ ತಂದುಕೊಂಡು, "ಬನ್ನಿ ಅಣ್ಣ, ನಮ್ಮ ಗಾಡಿ ಸೆಟ್ ಕೇಳಿಸ್ತೀನಿ, ಎದೆ ಇಡ್ಕಂಡು ಕೂತ್ಕಬೇಕು ನೀವು," ಅಂದುಬಿಟ್ಟಿದ್ದ. ಅಂದಮೇಲೆ ಎದೆ ಹಿಡಿದುಕೊಂಡಿರುವವನು ಅವನೇ ಆಗಿದ್ದ.

ಅವನ ಗಂಟಲು ಹುಟ್ಟಿನಿಂದಲೇ ಸಣ್ಣದು. ಸ್ಕೂಲಿನಲ್ಲಿ ಹಾಜರಿ ಕರೆದಾಗ ಅವನು ಕೂಗಿದ್ದು ಮೇಷ್ಟರಿಗೆ ಕೇಳದೆ, ಎದುರಿಗೇ ಕೂತಿದ್ದರೂ ಗೈರುಹಾಜರಿ ಬೀಳುತ್ತಿತ್ತು. ಈಗ ಯಳಂದೂರಿನಲ್ಲಿ ಗುಮಾಸ್ತ, ಕೌಂಟರಿನ ಆಚೆಗಿನ ಜನ "ಏನಂದ್ರಿ ಸಾ?" ಅಂತ ಕಿವಿ ಕೊಟ್ಟು, ಕೊನೆಗೆ ಪಕ್ಕದ ಮೇಜಿಗೆ ಹೋಗುತ್ತಾರೆ. ಮೇಲಾಗಿ ಅವನು ಮನೆ ಅಳಿಯ. ಗುರುಮಲ್ಲಪ್ಪನವರಿಗೆ ಗಂಡುಮಕ್ಕಳಿಲ್ಲ, ದೊಡ್ಡ ಮಗಳನ್ನು ಹನೂರಿಗೆ ಕೊಟ್ಟು, ಚಿಕ್ಕವಳು ಶೃತಿಗೆ ಗಂಡನನ್ನು ಮನೆಗೇ ತಂದುಕೊಂಡರು. ತಂದುಕೊಂಡ ದಿನದಿಂದ ಅವನಿಗೆ ಯಾವ ಕೊರತೆಯೂ ಇಲ್ಲ, ಅದೇ ಒಂದು ಕೊರತೆ. ಕುರ್ಚಿ ಬಿಟ್ಟುಕೊಡುತ್ತಾರೆ, ಮೊದಲ ಮುದ್ದೆ ಅವನ ತಟ್ಟೆಗೇ ಬೀಳುತ್ತದೆ, ಏನನ್ನಾದರೂ ಎತ್ತಲು ಬಗ್ಗಿದರೆ ಯಾರೋ ಓಡಿ ಬಂದು ಕಿತ್ತುಕೊಳ್ಳುತ್ತಾರೆ. ಅತ್ತೆ ಪುಟ್ಟಬಸಮ್ಮನವರಂತೂ ಹಳೇ ಕಾಲದ ಮರ್ಯಾದೆಯವರು. ಅಳಿಯನ ಮುಖ ನೋಡಿ ನೇರವಾಗಿ ಮಾತಾಡುವುದೆಂದರೆ ಅವರ ಲೆಕ್ಕದಲ್ಲಿ ಅಳಿಯನನ್ನು ಅಗೌರವಿಸಿದ ಹಾಗೆ. ಏನು ಹೇಳುವುದಿದ್ದರೂ ನಡುವೆ ಒಬ್ಬರು ಬೇಕು. ಶೃತಿಯಾದರೂ ಸರಿ, ಕಂಬವಾದರೂ ಸರಿ, ಅಂಗಳದಲ್ಲಾದರೆ ಕರು. "ಅಳೀದೇವ್ರಿಗೆ ಇನ್ನೊಂಚೂರು ಸಾರು ಬೇಕೇನೋ," ಅಂತ ಅವರು ಕಂಬಕ್ಕೆ ಹೇಳುತ್ತಾರೆ, "ಸಾಕು" ಅಂತ ಅವನೂ ಕಂಬಕ್ಕೇ ಹೇಳುತ್ತಾನೆ, ಕಂಬದಾಚೆಯಿಂದ ಸೌಟು ಬಂದು ತಟ್ಟೆ ತುಂಬುತ್ತದೆ. ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ಗೌರವ ಅಂದುಕೊಂಡು ಉಬ್ಬಿದ್ದ. ಆಮೇಲಾಮೇಲೆ, ಆ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ಬೈಯುತ್ತಾರೆ, ಕೆಲಸ ಹೇಳುತ್ತಾರೆ, ಕೂಗಾಡುತ್ತಾರೆ, ತನಗೊಬ್ಬನಿಗೆ ಮಾತ್ರ ಯಾರೂ ಏನೂ ಹೇಳುವುದಿಲ್ಲ ಅನ್ನುವುದು ಅರಿವಿಗೆ ಬರತೊಡಗಿತ್ತು. ನಂಟರನ್ನು ಕೂರಿಸಿ ಉಪಚಾರ ಮಾಡುತ್ತಾರೆ, ಆದರೆ ಸಂಜೆಗೆ ನಂಟರು ಎದ್ದು ಹೋಗುತ್ತಾರೆ. ಇವನು ಎಲ್ಲಿಗೆ ಹೋಗಬೇಕು?

ಆ ಪೆಟ್ಟಿಗೆ ಬಂದದ್ದು ಹೀಗೆ. ಸೆಕೆಂಡ್‌ಹ್ಯಾಂಡ್ ಕಾರು ಕೊಂಡಮೇಲೆ ಕೊಳ್ಳೇಗಾಲದಲ್ಲಿ ಕಾರು ಅಲಂಕಾರದ ಅಂಗಡಿ ಇಟ್ಟಿರುವ ಸ್ವಾಮಿ ಅದನ್ನು ಕೂರಿಸಿಕೊಟ್ಟ. ಮೊದಲ ಸಲ ಅದು ಗುಂ ಅಂದಾಗ ಶಾಂತಮೂರ್ತಿಯ ಕಣ್ಣಲ್ಲಿ ನೀರು ಬಂದಿತ್ತು; ಕನ್ನಡಿ ಅದುರಿತು, ಅಂಗಡಿ ಮುಂದಿನ ನಾಯಿ ಎದ್ದು ಹೋಯಿತು, ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ಯಾರದೋ ಹಾಡು, ಯಾರದೋ ತಮಟೆ, ಆದರೂ ಆ ಗುಂ ಅನ್ನುವುದು ತನ್ನ ಎದೆಯಿಂದಲೇ ಎದ್ದು ಹೊರಟಿದೆ ಅನ್ನಿಸಿತು. ಅಂದಿನಿಂದ ಸಂಜೆ ಕಚೇರಿಯಿಂದ ಬಂದು ಅಂಗಳದಲ್ಲಿ, ರೇಷ್ಮೆ ಹುಳದ ಮನೆಯ ಗೋಡೆಯ ನೆರಳಿಗೆ ಕಾರು ನಿಲ್ಲಿಸಿ, ಇಳಿಯುವ ಮೊದಲು ಒಂದೆರಡು ಹಾಡು ಕೇಳುವುದು ಅವನ ಪದ್ಧತಿಯಾಗಿತ್ತು.

"ಏನ್ರೀ," ಅಂತ ಹಿಂದಿನಿಂದ ಶೃತಿ ಪಿಸುಗುಟ್ಟಿದಳು. ತಲೆ ಎತ್ತಿದವನಿಗೆ ಡಿಕ್ಕಿಯ ಮುಚ್ಚಳ ಠಣ್ಣಂತ ತಗಲಿತು. ಶೃತಿ ನಗಲಿಲ್ಲ, ನಗದಿರಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಇವತ್ತು ಒಂದಿನ ಬುಡಿ ಅದ. ಬಂದು ತಿಂಡಿ ತಿನ್ನಿ."

"ಮಾದೇವಣ್ಣ ಬತ್ತಾರೆ."

"ಬಂದ್ರೆ ಉಂಡ್ಕಂಡು ಓಯ್ತಾರೆ. ಅವ್ರೇನ್ ನಿಮ್ ಡಬ್ಬ ನೋಡಾಕ್ ಬತ್ತಾರ?"

ಆಕೆ ಅವನ ಮುಖ ನೋಡದೆ ಹುಳದ ಮನೆಯ ಕಡೆ ನೋಡುತ್ತಾ ಹೇಳಿದ್ದು ಅವನಿಗೆ ವಿಚಿತ್ರವೆನ್ನಿಸಿತು. ಆದರೆ ಆ ದಿನ ಮನೆಯವರೆಲ್ಲರ ಕಣ್ಣೂ ಅತ್ತಲೇ ಇತ್ತು. ಹುಳ ಹಣ್ಣಾಗಿದ್ದವು. ಮೈ ಹಳದಿಗೆ ತಿರುಗಿ, ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಅವನ್ನು ಆರಿಸಿ ಆರಿಸಿ ಚಂದ್ರಿಕೆಯ ಮೇಲೆ, ಅಂದರೆ ಸುರುಳಿ ಸುರುಳಿಯಾಗಿ ಬಿದಿರಿನ ಪಟ್ಟಿ ಹೆಣೆದ ದೊಡ್ಡ ತಟ್ಟಿಯ ಮೇಲೆ, ಬಿಡುತ್ತಿದ್ದರು. ತುಂಬಿದ ಚಂದ್ರಿಕೆಗಳನ್ನು ಗಾಳಿಯಾಡಲಿ ಅಂತ ಅಂಗಳದ ಗೋಡೆಗೆ ಒರಗಿಸುತ್ತಿದ್ದರು. ಪುಟ್ಟಬಸಮ್ಮನವರು ಆ ಮನೆಯ ಹುಳದ ದೊರೆಸಾನಿ. ಅವರು ಪಿಸುಗುಟ್ಟಿದರೆ ಗುರುಮಲ್ಲಪ್ಪನವರೂ ಪಿಸುಗುಟ್ಟುತ್ತಿದ್ದರು, ಕೂಲಿಗೆ ಬಂದ ಶಿವಮ್ಮನೂ ಪಿಸುಗುಟ್ಟುತ್ತಿದ್ದಳು. ಶಾಂತಮೂರ್ತಿ ಭತ್ತದ ಮನೆಯವನು, ಹುಳದ ಸಂಗತಿ ಅವನಿಗೆ ಗೊತ್ತಿರಲಿಲ್ಲ, ಯಾರೂ ಹೇಳಿಕೊಟ್ಟೂ ಇರಲಿಲ್ಲ. ಒಂದು ಚಂದ್ರಿಕೆ ಎತ್ತಲು ಕೈ ಚಾಚಿದ. "ಅಯ್ಯೋ, ಅಳೀದೇವ್ರು ಯಾಕ್ ಮುಟ್ಟಾರು, ಕೂತ್ಕಳಕೇಳು," ಅಂತ ಅತ್ತೆ ಕರುವಿಗೆ ಹೇಳಿದರು. ಅವನು ಕೂರಲಿಲ್ಲ. ಕಾರು ತೆಗೆದುಕೊಂಡು ಕೊಳ್ಳೇಗಾಲಕ್ಕೆ ಹೊರಟ.

ಸ್ವಾಮಿ ಅಂಗಡಿ ತೆರೆದು ಊದುಬತ್ತಿ ಹಚ್ಚುತ್ತಿದ್ದ. ಕಾರು ಕಂಡ ಕೂಡಲೆ ಅವನ ಕೈಯಲ್ಲಿದ್ದ ಊದುಬತ್ತಿ ದೇವರ ಪಟದ ಮುಂದೆ ಸುತ್ತಬೇಕಾದ್ದಕ್ಕಿಂತ ಹೆಚ್ಚು ಸಲ ಸುತ್ತಿತು. ಆದರೆ ಆಮೇಲೆ ಅವನು ತೋರಿಸಿದ ಕಾಳಜಿ ಇದೆಯಲ್ಲ, ಹತ್ತಿರದ ನಂಟರೂ ಅಷ್ಟು ತೋರಿಸುವುದಿಲ್ಲ. ಡಿಕ್ಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಯ್ಯಯ್ಯೋ, ಇದ್ಯಾಕಿಂಗಾಯ್ತು ಸಾ," ಅಂದ. ಅರ್ತಿನ ಬೋಲ್ಟು ಬಿಚ್ಚಿ, ಅದರ ಕೆಳಗಿನ ಬಣ್ಣವನ್ನು ಚಾಕುವಿನಿಂದ ಕೆರೆದು, ಮತ್ತೆ ಬಿಗಿದ. ಸೆಟ್ಟಿನಿಂದ ಬರುವ ನೀಲಿ ವೈರನ್ನು ಎಳೆದು ನೋಡಿದ. ಟೆಸ್ಟ್ ಲ್ಯಾಂಪನ್ನು ಎಲ್ಲೆಲ್ಲೋ ಚುಚ್ಚಿ, ತನ್ನ ಬೆನ್ನು ಅಡ್ಡ ಕೊಟ್ಟು, "ಕರೆಂಟೇನೋ ಬತ್ತಾ ಅದೆ ಸಾ," ಅಂದ. ಕೊನೆಗೆ ವೂಫರಿನ ಎರಡು ವೈರು ಬಿಚ್ಚಿ ಗಡಿಯಾರದ ಸೆಲ್ಲೊಂದಕ್ಕೆ ಮುಟ್ಟಿಸಿದ. ಟಪ್! ಅಂದಿತು ಪೆಟ್ಟಿಗೆ. ಒಂದೇ ಒಂದು ಸಲ, ಸಣ್ಣಗೆ. ಶಾಂತಮೂರ್ತಿಗೆ ಆದ ಸಂತೋಷ ಹೇಳತೀರದು.

"ಇನ್ನೊಂದ್ಸಲ," ಅಂದ.

ಟಪ್!

"ಬದ್ಕೇ ಅದೆ ಸಾ ಪೆಟ್ಗೆ. ತಪ್ಪು ಅದ್ರುದಲ್ಲ, ಆಂಪಿಂದು. ಒಳಗೆ ಬೋರ್ಡೇ ಓಗಿರ್ಬೈದು. ನಂತಾವ ಬುಟ್ಟೋಗಿ, ಬುಧುವಾರದ ಮೇಲೆ ಬನ್ನಿ."

"ಬುಧವಾರ? ಇವತ್ತು ಬೇಕಪ್ಪ ನನಗೆ. ಮನೆಗೆ ನೆಂಟ್ರು ಬತ್ತಾವ್ರೆ."

ಸ್ವಾಮಿ ತಲೆ ಕೆರೆದುಕೊಂಡ. ಅವನ ಮುಖದಲ್ಲಿ ಕರುಣೆಯಿತ್ತು, ಅದು ಆಂಪ್ಲಿಫೈಯರಿನ ಮೇಲಿನ ಕರುಣೆ ಅಂತ ಶಾಂತಮೂರ್ತಿ ತಿಳಿದ. "ಅಂಗಾರೆ ಒಂದ್ ಕೆಲ್ಸ ಮಾಡಿ ಸಾ. ಯಳಂದೂರಲ್ಲಿ ನಮ್ ಚಿಕ್ಕಸಿದ್ದಯ್ಯ ಅವ್ನೆ, ಬಸ್‌ಸ್ಟ್ಯಾಂಡ್ ಇಂದ್ಕಡೆ. ಆಂಪಿನ್ ಕೆಲ್ಸುದಲ್ಲಿ ಅವನ ಬುಟ್ರೆ ಇಲ್ಲ. ನಾ ಫೋನ್ ಮಾಡಿ ಏಳ್ತೀನಿ, ಓಗಿ." ಮನೆಯವರೆಲ್ಲ ಚೆನ್ನಾಗಿದ್ದಾರಾ, ಹುಳ ಹೇಗಿದೆ, ಅಮ್ಮಾವರ ಮಂಡಿನೋವು ಹೇಗಿದೆ ಅಂತಲೂ ವಿಚಾರಿಸಿದ. ಹೊರಡುವಾಗ ಬಲವಂತಕ್ಕೆ ಟೀ ಕುಡಿಸಿದ. ಇಷ್ಟು ಒಳ್ಳೆಯ ಮನುಷ್ಯನನ್ನು ಅಂಗಡಿಯವನು ಅನ್ನುವುದೇ ತಪ್ಪು ಅಂತ ಶಾಂತಮೂರ್ತಿಗೆ ಅನ್ನಿಸಿತು.

ಯಳಂದೂರಿನ ದಾರಿಯಲ್ಲಿ ಗದ್ದೆಗಳ ಮೇಲೆ ಬಿಸಿಲು ಸುರಿಯುತ್ತಿತ್ತು, ದೂರದಲ್ಲಿ ಬೆಟ್ಟದ ಮೇಲೆ ಒಂದಷ್ಟು ಕರಿಮೋಡ ಕೂತಿತ್ತು. ದಿನವೂ ಕಚೇರಿಗೆ ಹೋಗುವ ದಾರಿಯೇ, ಆದರೆ ಇವತ್ತು ಡಿಕ್ಕಿಯಲ್ಲಿ ಮಾತು ಬಾರದ ರೋಗಿಯೊಬ್ಬನಿದ್ದಾನೆ ಅನ್ನಿಸಿ ಗುಂಡಿ ಬಂದಲ್ಲೆಲ್ಲ ಗೇರು ಇಳಿಸಿ ಮೆಲ್ಲಗೆ ದಾಟಿಸಿದ. ಮದುವೆಯ ದಿನ ಧಾರೆ ಎರೆಯುವಾಗ ಪುರೋಹಿತರು ಹೇಳಿಕೊಟ್ಟದ್ದನ್ನು ಅವನು ಹೇಳಿದ್ದ, ಯಾರಿಗೂ ಕೇಳಿಸದೆ, "ಗಂಡು ಸ್ವಲ್ಪ ಗಟ್ಟಿಯಾಗಿ ಹೇಳಬೇಕು" ಅಂತ ಮೈಕಿನಲ್ಲೇ ಅಂದಿದ್ದರು. ಚಪ್ಪರದ ತುಂಬ ನಗು. ಆಗ ಮಾದೇವಸ್ವಾಮಿ ಹಿಂದಿನಿಂದ ಇವನ ಪರವಾಗಿ ಗಟ್ಟಿಯಾಗಿ ಹೇಳಿಬಿಟ್ಟಿದ್ದ. ಯಾರ ಮಾತಿನಿಂದ ಯಾರ ಮದುವೆಯಾಯಿತೋ ಅಂತ ಒಂದು ವರ್ಷ ಜನ ಆಡಿಕೊಂಡರು. ಇವತ್ತು ಆ ಮಾದೇವಸ್ವಾಮಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಗಾಜು ಏರಿಸಿ, ಒಂದೇ ಒಂದು ಸಲ ಗುಂ ಅನ್ನಿಸಿಬಿಟ್ಟಿದ್ದರೆ ಸಾಕಿತ್ತು. ಅದಕ್ಕಿಂತ ಹೆಚ್ಚಿನದನ್ನು ಅವನು ಯಾವ ದೇವರ ಹತ್ತಿರವೂ ಕೇಳಿರಲಿಲ್ಲ.

ಚಿಕ್ಕಸಿದ್ದಯ್ಯ ಬಸ್‌ಸ್ಟ್ಯಾಂಡಿನ ಹಿಂದುಗಡೆ ತಗಡಿನ ಅಂಗಡಿಯಲ್ಲಿ ಫ್ಯಾನು, ಮಿಕ್ಸಿ, ಆಂಪ್ಲಿಫೈಯರು ಎಲ್ಲವನ್ನೂ ಒಂದೇ ಸ್ಕ್ರೂಡ್ರೈವರಿನಲ್ಲಿ ಬಿಚ್ಚುವ ಮುದುಕ. ಶಾಂತಮೂರ್ತಿ ಬಾಯಿ ತೆರೆಯುವ ಮೊದಲೇ, "ಗೊತ್ತಾಯ್ತು ಸಾ, ಸ್ವಾಮಿ ಏಳ್ದ," ಅಂತ ಎದ್ದು ಬಂದ. ಡಿಕ್ಕಿಯ ಮುಂದೆ ನಿಂತು ಕನ್ನಡಕ ಹಾಕಿದ, ತೆಗೆದ, ಒರೆಸಿದ, ಹಾಕಿದ. ಆಂಪ್ಲಿಫೈಯರಿನ ಬೆನ್ನು ತಟ್ಟಿದ. ಮೂಗು ಹತ್ತಿರ ಒಯ್ದು ಮೂಸಿದ. "ಸುಟ್ಟ ವಾಸ್ನೆ ಇಲ್ಲ ಸಾ," ಅಂದ. "ಒಳ್ಳೇದಲ್ವ?" ಅಂತ ಶಾಂತಮೂರ್ತಿ ಕೇಳಿದ್ದಕ್ಕೆ, "ಒಳ್ಳೇದೇ. ಆದ್ರೆ ಸುಟ್ಟಿದ್ರೆ ಗೊತ್ತಾಯ್ತಿತ್ತು, ಸುಡ್ದೆ ಇರಾದ ಉಡ್ಕಾದು ಕಷ್ಟ," ಅಂತ ತಾನೇ ತನ್ನ ಮಾತಿಗೆ ತಲೆದೂಗಿದ. ಆಮೇಲೆ ಕೈ ಒರೆಸಿಕೊಂಡು, "ಬುಧುವಾರದ ಮೇಲೆ ತನ್ನಿ," ಅಂದ.

"ನಿಮಗೂ ಬುಧವಾರವೇನ್ರಿ?"

"ಬುಧುವಾರ ದಿನ ಒಳ್ಳೇದು ಸಾ."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮಾದೇವಸ್ವಾಮಿ. ಕಿವಿಯಿಂದ ಅಷ್ಟು ದೂರ ಹಿಡಿದರೂ ಚಿಕ್ಕಸಿದ್ದಯ್ಯನಿಗೂ ಕೇಳುವ ಗಂಟಲು: "ಶಾಂತಮೂರ್ತಿ, ನಾ ಇವತ್ತು ಬರಾಕಿಲ್ಲ ಕಣಪ್ಪ. ಅತ್ತೆ ಫೋನ್ ಮಾಡುಸಿದ್ರು, ಉಳ ಚಂದ್ರಿಕೆ ಮ್ಯಾಲವೆ, ಮನೆಗೆ ಜನ ಬ್ಯಾಡ ಅಂತ. ಬುಧುವಾರ ಗೂಡು ಬುಡುಸ್ತಾರಲ್ಲ, ಆವತ್ತೇ ಬತ್ತೀವಿ. ಆವತ್ತೇ ತಾನೆ ನಿಮ್ ಗಾಡಿ ಫ್ಯೂಸೂ ವಾಪಸ್ ಆಕಾದು? ಕೇಳಾವ ಬುಡು."

"ಫ್ಯೂಸಾ?"

"ಊಂ, ಸ್ವಾಮಿ ಕೈಲಿ ತಗ್ಸವ್ರಂತಲ್ಲ ಶುಕ್ರುವಾರ. ಆ ಗುಂಗುಂಗೆ ಉಳ ನಡುಗ್ತವೆ, ಎಳೆ ಕಡ್ದೋಯ್ತದೆ ಅಂತ. ಒಳ್ಳೇ ಕೆಲ್ಸ ಮಾಡ್ದೆ ಬುಡು ನೀನೂ, ಒಪ್ಕಂಡೆ." ಆಮೇಲೆ, ತನ್ನ ಜೀವಮಾನದಲ್ಲೇ ಮೊದಲ ಸಲವೇನೋ ಎಂಬಂತೆ ದನಿ ತಗ್ಗಿಸಿ, "ನಿಂಗೊತ್ತಿಲ್ವ?" ಅಂದ.

ಶಾಂತಮೂರ್ತಿ ಫೋನನ್ನು ಜೇಬಿಗಿಟ್ಟ. ಬಸ್ಸೊಂದು ಹಾರನ್ ಹೊಡೆಯುತ್ತಾ ಹಿಂದಕ್ಕೆ ಸರಿಯುತ್ತಿತ್ತು, ಕಡಲೆಕಾಯಿ ಮಾರುವವಳು ಗಿರಾಕಿಯೊಂದಿಗೆ ಜಗಳವಾಡುತ್ತಿದ್ದಳು, ಇಡೀ ಯಳಂದೂರು ಬಾಯಿ ತುಂಬ ಮಾತಾಡುತ್ತಿತ್ತು. ಸ್ವಾಮಿ ಬೆಳಿಗ್ಗೆ ಎಲ್ಲವನ್ನೂ ನೋಡಿದ್ದ, ಬಾನೆಟ್ ಒಂದನ್ನು ಮಾತ್ರ ತೆಗೆದಿರಲಿಲ್ಲ ಅನ್ನುವುದು ಈಗ ಹೊಳೆಯಿತು. ಶುಕ್ರವಾರ ತಾನು ಬಸ್ಸಿನಲ್ಲಿ ಕಚೇರಿಗೆ ಹೋಗಿದ್ದ, ಕಾರು ಮನೆಯಲ್ಲೇ ಇತ್ತು. ಸ್ವಾಮಿ ಬಂದಿದ್ದಾನೆ, ಬ್ಯಾಟರಿ ಪಕ್ಕದ ಫ್ಯೂಸನ್ನು ಬಿಚ್ಚಿದ್ದಾನೆ, ಅವನಿಗೆ ಆ ಮನೆಯಲ್ಲಿ ಕಾಫಿ ಕೊಟ್ಟಿದ್ದಾರೆ. ಅತ್ತೆಗೆ ಗೊತ್ತು, ಮಾವನಿಗೆ ಗೊತ್ತು, ಶೃತಿಗೆ ಗೊತ್ತು. ಶಿವಮ್ಮನಿಗೆ ಗೊತ್ತು. ಹನೂರಿಗೆ ಗೊತ್ತು. ಆ ಕರುವಿಗೂ ಗೊತ್ತು, ಯಾಕೆಂದರೆ ಅತ್ತೆ ಹದಿನೈದು ದಿನದಿಂದ ಅವನೆದುರಿಗೇ ಕರುವಿಗೆ ಹೇಳುತ್ತಿದ್ದರು: "ನೋಡವ್ವ, ಉಳ ಜ್ವರಕ್ಕೆ ಕೂತವೆ, ಈಗ ಮನೇಲಿ ಯಾರೂ ಗದ್ಲ ಮಾಡ್ಬಾರ್ದು ಕಣವ್ವ." ಹುಳ ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ, ಅಷ್ಟು ಅವನಿಗೂ ತಿಳಿದಿತ್ತು. ಆದರೆ ಕರುವಿಗೆ ಹೇಳಿದ್ದನ್ನು ಅವನು ಕರುವಿಗೆ ಹೇಳಿದ್ದು ಅಂತಲೇ ಅಂದುಕೊಂಡಿದ್ದ. ಆ ಕರುವೂ ಒಂದು ದಿನಕ್ಕೂ ಗದ್ದಲ ಮಾಡಿರಲಿಲ್ಲ.

ಹೋದ ಬೆಳೆ ಕೆಟ್ಟಿತ್ತು. ಅದು ಅವನಿಗೆ ಆಗ ನೆನಪಿಗೆ ಬಂತು. ಗೂಡು ತೆಳ್ಳಗೆ, ಮುಟ್ಟಿದರೆ ಒಳಗೆ ಹೋಗುವಂತೆ ಬಂದಿದ್ದವು. ಪುಟ್ಟಬಸಮ್ಮನವರು ಮೊರದ ಮುಂದೆ ಕೂತು ಒಂದೊಂದನ್ನೇ ಅದುಮಿ ಅದುಮಿ ನೋಡುತ್ತಿದ್ದರು. ಮನೆಯಲ್ಲಿ ಎಲ್ಲರ ಮುಖವೂ ಸಪ್ಪಗಿದೆ ಅಂತ ಶಾಂತಮೂರ್ತಿ ಆ ಸಂಜೆ ಅವರ ಮನಸ್ಸಿಗೆ ಗೆಲುವಾಗಲಿ ಎಂದು ಸೌಂಡು ಇನ್ನೂ ಜಾಸ್ತಿ ಇಟ್ಟಿದ್ದ. ಅತ್ತೆ ತಲೆ ಎತ್ತಿ ಕಾರಿನ ಕಡೆ ನೋಡಿ, ಮತ್ತೆ ತಲೆ ಬಗ್ಗಿಸಿದ್ದರು. ಯಾರೂ ಒಂದು ಮಾತು ಆಡಲಿಲ್ಲ. ಒಬ್ಬರಾದರೂ ಬಂದು, ನಿಲ್ಸಯ್ಯ ಅದ, ನಿಂಗೇನ್ ತಲೆ ಕೆಟ್ಟದಾ ಅಂದಿದ್ದರೆ! ನಾಚಿಕೆಯಿಂದ ಅವನ ಕಿವಿ ಸುಟ್ಟಿತು. ಅದರ ಬೆನ್ನಿಗೇ ಸಿಟ್ಟೂ ಬಂತು, ಆ ನಾಚಿಕೆಗಿಂತ ಜೋರಾಗಿ. ಮಗನಾಗಿದ್ದರೆ ಬೈದಿರುತ್ತಿದ್ದರು. ಆಳಾಗಿದ್ದರೂ ಬೈದಿರುತ್ತಿದ್ದರು. ತಾನು ಮಗನೂ ಅಲ್ಲ ಆಳೂ ಅಲ್ಲ, ತನ್ನ ಬಾಯಿಗೆ ಹೇಳುವ ಬದಲು ತನ್ನ ಪೆಟ್ಟಿಗೆಯ ಬಾಯಿ ಕಟ್ಟಿ, ಕೊಳ್ಳೇಗಾಲದಿಂದ ಯಳಂದೂರಿಗೆ ಓಡಾಡಿಸಿ, ಟೀ ಕುಡಿಸಿ, ಮರ್ಯಾದೆ ಮಾಡಿದ್ದಾರೆ.

"ಒಂದು ಫ್ಯೂಸ್ ಕೊಡಿ," ಅಂದ.

ಚಿಕ್ಕಸಿದ್ದಯ್ಯ ಕನ್ನಡಕ ತೆಗೆದ. "ಬುಧುವಾರ..."

"ಫ್ಯೂಸ್ ಕೊಡ್ರೀ!"

ಅದು ಎಷ್ಟು ಗಟ್ಟಿಯಾಗಿತ್ತೆಂದರೆ ಮುದುಕ ಬೆಚ್ಚಿ ಡಬ್ಬಿಯನ್ನೇ ಮುಂದಿಟ್ಟ. "ನಾ ಕೊಟ್ಟೆ ಅನ್ಬೇಡಿ ಸಾ," ಅಂದ, "ಗುರುಮಲ್ಲಪ್ನೋರು ನಮ್ಗೆ ಬೇಕಾದೋರು." ಶಾಂತಮೂರ್ತಿ ಬಾನೆಟ್ ಎತ್ತಿದ. ಬ್ಯಾಟರಿಯಿಂದ ಹೊರಟ ದಪ್ಪ ಕೆಂಪು ವೈರಿನ ನಡುವೆ ಸಣ್ಣ ಪ್ಲಾಸ್ಟಿಕ್ ಗೂಡು. ಬೆಳಿಗ್ಗೆ ಅದನ್ನು ಮೇಲಿನಿಂದ ನೋಡಿ ಸರಿಯಾಗಿದೆ ಅಂದುಕೊಂಡಿದ್ದ. ಮುಚ್ಚಳ ತಿರುಗಿಸಿದರೆ ಒಳಗೆ ಏನೂ ಇಲ್ಲ. ಹೊಸ ಫ್ಯೂಸ್ ಇಟ್ಟು ತಿರುಗಿಸಿದ. ಓಡಿ ಹೋಗಿ ಸೆಟ್ಟು ಹಾಕಿ, ಡಿಕ್ಕಿ ನೋಡಿದ. ಹಸಿರು ದೀಪ ಉರಿಯುತ್ತಿತ್ತು. ಹಾಡು ಶುರುವಾಗುವ ಮೊದಲೇ ಸೆಟ್ಟು ಆರಿಸಿಬಿಟ್ಟ. ಯಳಂದೂರಿಗಾಗಲಿ ದಾರಿಗಾಗಲಿ ಕೇಳಿಸುವ ಗುಮ್ಮು ಅಲ್ಲ ಅದು. ಅದನ್ನು ಎಲ್ಲಿ ಕೇಳಿಸಬೇಕೋ ಅಲ್ಲೇ ಕೇಳಿಸಬೇಕು.

ಮುಳ್ಳೂರಿಗೆ ಹಿಂತಿರುಗುವಾಗ ಗುಂಡಿಗಳನ್ನು ಲೆಕ್ಕಿಸಲಿಲ್ಲ. ಏನೇನು ಹೇಳಬೇಕು ಅಂತ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಭಾಷಣ ಮಾಡಿದ. ಕಚೇರಿಯ ಕೌಂಟರು, ಮದುವೆ ಚಪ್ಪರ, ಹಾಜರಿ ಮೇಷ್ಟರು ಎಲ್ಲರೂ ಅದರಲ್ಲಿ ಬಂದರು, ಎಲ್ಲರಿಗೂ ತಕ್ಕ ಉತ್ತರ ಸಿಕ್ಕಿತು. ಭಾಷಣ ಮುಗಿಯುವ ಹೊತ್ತಿಗೆ ಅದನ್ನು ಬಾಯಿಬಿಟ್ಟು ಹೇಳಲು ತನ್ನಿಂದ ಆಗುವುದಿಲ್ಲ ಅನ್ನುವುದೂ ಖಾತ್ರಿಯಾಯಿತು. ಪೆಟ್ಟಿಗೆ ಹೇಳಲಿ. ಅಂಗಳಕ್ಕೆ ಕಾರು ನುಗ್ಗಿಸಿ, ಹುಳದ ಮನೆಯ ಬಾಗಿಲಿಗೆ ಮೂತಿ ತಗಲುವಷ್ಟು ಹತ್ತಿರ ನಿಲ್ಲಿಸಿದ. ಬೆಟ್ಟದ ಮೋಡ ಅವನ ಹಿಂದೆಯೇ ಬಂದಂತೆ ಅಂಗಳ ಮಬ್ಬಾಗಿತ್ತು. ಗೋಡೆಯುದ್ದಕ್ಕೂ ಚಂದ್ರಿಕೆಗಳು ಒರಗಿದ್ದವು, ಅವುಗಳ ಸುರುಳಿಗಳಲ್ಲಿ ಹಳದಿ ಹುಳಗಳು ತಲೆಯಾಡಿಸುತ್ತಾ ಬಿಳಿಯ ಎಳೆ ಸುತ್ತಿಕೊಳ್ಳುತ್ತಿದ್ದವು. ಅಲ್ಲಿ ಯಾರೂ ಇರಲಿಲ್ಲ, ಊಟಕ್ಕೆ ಕೂತಿರಬೇಕು. ನಾಲ್ಕೂ ಗಾಜು ಇಳಿಸಿದ. ಸೌಂಡಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ. ಇನ್ನು ಒಂದು ಗುಂಡಿ ಒತ್ತುವುದು ಬಾಕಿ. ಬೆರಳು ಅದರ ಮೇಲಿತ್ತು.

ಹತ್ತಿರದ ಚಂದ್ರಿಕೆಯ ಮೇಲೆ ಒಂದು ಹುಳ ಇನ್ನೂ ಮೂಲೆ ಸಿಗದೆ, ಅತ್ತ ಇತ್ತ ತಲೆ ತಿರುಗಿಸುತ್ತಾ, ಕಿಟಕಿಯ ಕಡೆಗೇ ಮುಖ ಮಾಡಿತು. ನೀನು ಯಾಕೆ ನೋಡ್ತೀಯೋ, ನಿನ್ನ ಮೇಲೆ ಸಿಟ್ಟಿಲ್ಲ ನನಗೆ ಅಂತ ಶಾಂತಮೂರ್ತಿ ಅದಕ್ಕೆ ಮನಸ್ಸಿನಲ್ಲೇ ಅಂದ. ಅಂದ ಮೇಲೆ ಬೆರಳು ಒತ್ತಬೇಕಿತ್ತು. ಒತ್ತಲಿಲ್ಲ. ಒತ್ತುತ್ತೇನೆ, ಈ ಹುಳ ಒಂದು ಜಾಗ ಹಿಡಿಯಲಿ, ಆಮೇಲೆ ಒತ್ತುತ್ತೇನೆ ಅಂದುಕೊಂಡ. ಹಾಗೆ ಕಾಯುತ್ತಾ ಕೂತಿರುವಾಗಲೇ ಗಾಳಿ ಎದ್ದಿತು. ಮೊದಲು ಧೂಳು, ಆಮೇಲೆ ತಗಡಿನ ಮೇಲೆ ದಪ್ಪ ದಪ್ಪ ಹನಿ. ಗೋಡೆಗೆ ಒರಗಿದ್ದ ಚಂದ್ರಿಕೆಯೊಂದು ಗಾಳಿಗೆ ಮುಂದಕ್ಕೆ ಬಾಗಿತು.

ಅಡುಗೆಮನೆಯ ಬಾಗಿಲಿನಿಂದ ಪುಟ್ಟಬಸಮ್ಮನವರು ಎಂಜಲ ಕೈಯಲ್ಲೇ ಓಡಿ ಬಂದರು. ಹಿಂದೆ ಶೃತಿ, ಶಿವಮ್ಮ, ಎಲ್ಲರ ಹಿಂದೆ ಪಂಚೆ ಎತ್ತಿಕೊಂಡು ಮಾವ. ಹುಳದ ಮನೆಯ ಬಾಗಿಲಿಗೆ ಅಡ್ಡವಾಗಿ ಕಾರು ನಿಂತಿತ್ತು. ಅದರೊಳಗೆ ಅಳಿಯ ಕೂತಿದ್ದ.

"ಲೇ ಶಾಂತಮೂರ್ತಿ!" ಅಂತ ಪುಟ್ಟಬಸಮ್ಮನವರು ಕಿರುಚಿದರು. "ಕಣ್ಣು ಕಾಣಕಿಲ್ವೇನ್ಲಾ ನಿಂಗೆ? ಇಂದುಕ್ ತಗಿಯಲಾ ಗಾಡಿಯ! ಬಾಗ್ಲಿಗೆ ತಂದ್ ನಿಲ್ಸಿದ್ದೀಯಲ್ಲ, ಬುದ್ಧಿಗೇಡಿ!"

ಅವನು ಗಾಡಿಯನ್ನು ಹಿಂದಕ್ಕೆ ತೆಗೆದ ರೀತಿಯನ್ನು ಯಾವ ಡ್ರೈವಿಂಗ್ ಸ್ಕೂಲಿನವನೂ ಒಪ್ಪುತ್ತಿರಲಿಲ್ಲ. ಇಳಿದು ಓಡಿ ಬಂದು ನಿಂತ.

"ನಿಂತ್ಕಂಡು ಏನ್ ನೋಡೀಯ? ಇಡ್ಕ ಆ ಕೊನೇದ! ಅಂಗಲ್ಲ ಕಣ್ಲಾ, ಬೆನ್ನು ಮಳೆ ಕಡಿಕೆ ಮಾಡು! ಬಗ್ಗು, ಬಗ್ಗು, ತಲೆ ಬಾಗ್ಲ ಚೌಕಟ್ಟಿಗೆ ಒಡಿತದೆ! ಮೆತ್ಗೆ! ನಡುಗ್ಸಬ್ಯಾಡ!"

ಅವನು ಹಿಡಿದ. ಬೆನ್ನನ್ನು ಮಳೆಗೆ ಕೊಟ್ಟ, ಬಗ್ಗಿದ, ಮೆತ್ತಗೆ ಹೆಜ್ಜೆಯಿಟ್ಟ. ಒಂದು ಚಂದ್ರಿಕೆ ಒಳಗಿಟ್ಟು ಮತ್ತೊಂದಕ್ಕೆ ಓಡಿದ, ಎದುರಿಗೆ ಬಂದ ಶೃತಿಗೆ ಢಿಕ್ಕಿ ಹೊಡೆಯಲು ಹೋಗಿ ಅದಕ್ಕೂ ಬೈಸಿಕೊಂಡ. ಬೈಗುಳ ಅವನ ಮೇಲೆ ಮಳೆಗಿಂತ ದಟ್ಟವಾಗಿ ಬೀಳುತ್ತಿತ್ತು, ಎಲ್ಲವೂ ಅವನ ಹೆಸರು ಹಿಡಿದು, ಅವನ ಮುಖಕ್ಕೇ. ಅವನ ಎದೆ ಹಗುರಾಗುತ್ತಾ ಹೋಯಿತು. ಇಷ್ಟು ಸುಖ ಅವನು ಆ ಮನೆಯಲ್ಲಿ ಎಂದೂ ಕಂಡಿರಲಿಲ್ಲ.

ಕೊನೆಯ ಚಂದ್ರಿಕೆಯೂ ಒಳಗೆ ಬಂತು. ಮಾವ ಬಾಗಿಲು ಹಾಕಿದರು. ಮಬ್ಬು ಬೆಳಕಿನಲ್ಲಿ ಎಲ್ಲರೂ ಏದುಸಿರು ಬಿಡುತ್ತಾ ನಿಂತಾಗ, ಪುಟ್ಟಬಸಮ್ಮನವರಿಗೆ ಅದುವರೆಗೆ ತಾವು ಆಡಿದ್ದೆಲ್ಲ ನೆನಪಾಯಿತೇನೋ. ಮುಖ ಬಿಳಿಚಿಕೊಂಡಿತು. ಒದ್ದೆ ಸೆರಗನ್ನು ತಲೆ ಮೇಲೆಳೆದುಕೊಂಡು, ಅಲ್ಲಿದ್ದ ಕಂಬದ ಕಡೆ ತಿರುಗಿ, ಉಸಿರಿನಷ್ಟು ಸಣ್ಣ ದನಿಯಲ್ಲಿ ಅಂದರು: "ಅಳೀದೇವ್ರು ನೆಂದ್ಬುಟ್ಟವ್ರೆ. ಟವಲ್ ಕೊಡು ಅಂತ ಏಳು."

ಶಾಂತಮೂರ್ತಿ ಆ ಕಂಬವನ್ನು ನೋಡಿದ. ಇನ್ನೇನು ಆ ಕಂಬ ಮತ್ತೆ ಅವನಿಗೂ ಅವರಿಗೂ ನಡುವೆ ಬಂದು ನಿಂತುಬಿಡುತ್ತದೆ, ಸಾಯುವವರೆಗೂ ಅಲ್ಲೇ ಇರುತ್ತದೆ.

"ಅತ್ತೆ," ಅಂದ. ಸಣ್ಣ ಗಂಟಲೇ, ಆದರೆ ಮಳೆಯ ಸದ್ದಿನ ನಡುವೆಯೂ ಎಲ್ಲರಿಗೂ ಕೇಳಿಸಿತು. "ನಾನಿಲ್ಲೇ ಇವ್ನಿ. ನಂಗೇ ಏಳಿ."

ಶೃತಿ ಗಂಡನನ್ನು ಹೊಸಬನನ್ನು ನೋಡುವ ಹಾಗೆ ನೋಡಿದಳು. ಪುಟ್ಟಬಸಮ್ಮನವರು ಕಂಬವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಅದರಿಂದ ಸಹಾಯ ಸಿಗಲಿಲ್ಲ. ಮೆಲ್ಲಗೆ ಇತ್ತ ತಿರುಗಿದರು.

"ಆ ನಿನ್ ಡಬ್ಬ," ಅಂದರು. "ಬುಧುವಾರದ್ ಗಂಟ ಅದುರ ಬಾಯಿ ಬುಡುಸ್ಬ್ಯಾಡ ಕಣಪ್ಪ. ಓದ್ ಬೆಳೆ ಓಯ್ತು."

"ಊಂ ಅತ್ತೆ."

ಅವನು ಬಾಗಿಲು ತೆರೆದು ಮಳೆಗೆ ಇಳಿದ. ಬಾನೆಟ್ ಎತ್ತಿ, ಕೆಂಪು ವೈರಿನ ಮುಚ್ಚಳ ತಿರುಗಿಸಿ, ಫ್ಯೂಸನ್ನು ತನ್ನ ಕೈಯಾರೆ ಬಿಚ್ಚಿ ಜೇಬಿಗೆ ಹಾಕಿಕೊಂಡ. ಬೆನ್ನ ಮೇಲೆ ನೀರು ಹರಿಯುತ್ತಿತ್ತು, ಕಣ್ಣಲ್ಲೂ ಹರಿಯುತ್ತಿತ್ತು, ಯಾವುದು ಯಾವುದೋ ಅವನಿಗೆ ಗೊತ್ತಾಗಲಿಲ್ಲ.

"ಬಿರ್ನೆ ಒಳಿಕೆ ಬಾರ್ಲಾ, ನೆಗಡಿ ಆಯ್ತದೆ!" ಅಂತ ಹುಳದ ಮನೆಯ ಬಾಗಿಲಿನಿಂದ ಕೂಗು ಬಂತು. ಇನ್ನೊಂದು ಸಲ ಕೂಗಲಿ ಅಂತ, ಕೆಲಸ ಮುಗಿದಿದ್ದರೂ ಅವನು ಬಾನೆಟ್ಟಿನ ಕೆಳಗೆ ತಲೆಯಿಟ್ಟುಕೊಂಡೇ ನಿಂತಿದ್ದ.